ಅಂಪೊಫೊ ನುಂಗುವ ತನಕ

ಮಾರ್ಚ್ 3, ಸೋಮವಾರ

ನಮ್ಮ ಯಜಮಾನರು, ಅಂಪೊಫೊ, ನಿನ್ನೆ ಸಂಜೆ ಆಸ್ಪತ್ರೆಯಿಂದ ಮನೆಗೆ ಬಂದರು. ಲಕ್ವ ಹೊಡೆದ ಬಲಗೈ, ಬಲಗಾಲು ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಮಾತು ತೊದಲುತ್ತದೆ. ನುಂಗುವುದು ಕಷ್ಟ. ವಠಾರದ ಅಂಗಳ ದಾಟಿಸಿ ಒಳಗೆ ಕರೆತರುವಾಗ ಪ್ರತಿ ಬಾಗಿಲಲ್ಲೂ ಯಾರಾದರೊಬ್ಬರು ನಿಂತಿದ್ದರು. ಅವರು ಯಾರನ್ನೂ ನೋಡಲಿಲ್ಲ.

ಏನು ತಿಂದರು, ಎಷ್ಟು ಕೆಮ್ಮಿದರು ಎಂದು ಬರೆದಿಡಬೇಕಂತೆ. ನುಂಗುವ ಅಭ್ಯಾಸ ಮಾಡಿಸುವ ಹುಡುಗಿ, ಬೆನೆವಾ ಎಂದು ಹೆಸರು, ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು. ನೆಟ್ಟಗೆ ಕೂರಿಸಬೇಕು. ಗಲ್ಲ ಎದೆಯ ಕಡೆ ಬಾಗಿರಬೇಕು. ಅರ್ಧ ಚಮಚ ಕೊಟ್ಟು ಕಾಯಬೇಕು. ಅಗಿದು, ನುಂಗಿ, ಬಾಯಿ ತೆರೆದು ತೋರಿಸಿದ ಮೇಲೆ ಇನ್ನರ್ಧ ಚಮಚ. ನೀರನ್ನೂ ಗಂಜಿಯಷ್ಟು ಮಂದ ಮಾಡಿಯೇ ಕೊಡಬೇಕು, ತೆಳ್ಳಗಿದ್ದದ್ದು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಒಮ್ಮೆ ಹಾಗೆ ಇಳಿದೇ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದದ್ದು.

"ಫುಫು ಮಾತ್ರ ಬೇಡಮ್ಮಾ" ಎಂದಳು. "ಅದು ಅಂಟು. ನಾವ್ಯಾರೂ ಅದನ್ನ ಅಗಿಯಲ್ಲ, ಹಾಗೇ ನುಂಗ್ತೀವಿ. ಗಂಟಲಲ್ಲಿ ಕೂತುಬಿಟ್ರೆ ನೀವು ಯಾರನ್ನಾದ್ರೂ ಕರೆಯೋಷ್ಟರಲ್ಲಿ ಮುಗಿದಿರುತ್ತೆ."

ನಾನು ತಲೆಯಾಡಿಸಿದೆ. ಅಂಪೊಫೊ ಗೋಡೆ ನೋಡುತ್ತಿದ್ದರು. ಸಂಜೆ ಮರಗೆಣಸು, ಬಾಳೆಕಾಯಿ ಕುಟ್ಟಿದ ಫುಫು ಮುದ್ದೆ ತಿನ್ನದ ದಿನ ಊಟವನ್ನೇ ಮಾಡಿಲ್ಲ ಎನ್ನುವ ಮನುಷ್ಯ.

ಇವತ್ತು ಮಧ್ಯಾಹ್ನ ಗಂಜಿ. ಅರ್ಧ ಬಟ್ಟಲು ಮುಗಿಯುವಷ್ಟರಲ್ಲಿ ಬಾಗಿಲಿನ ಬಿಸಿಲು ಮಂಚದ ತನಕ ಬಂದಿತ್ತು. ನನ್ನ ಹೊಲಿಗೆ ಅಂಗಡಿಯಲ್ಲಿ ಮುಂದಿನ ತಿಂಗಳ ಶವಸಂಸ್ಕಾರಕ್ಕೆ ಹೊಲಿಯಬೇಕಾದ ಕಪ್ಪು ಬಟ್ಟೆಗಳು ಹಾಗೇ ಬಿದ್ದಿವೆ. ಚಮಚ ಹಿಡಿದು ಕಾಯುವಾಗ ನನ್ನ ಕಾಲು ತಾನಾಗಿಯೇ ಹೊಲಿಗೆ ಯಂತ್ರ ತುಳಿಯುತ್ತಿತ್ತು. ಅವರು ಅದನ್ನು ನೋಡಿದರು.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಗಂಜಿ, ಕೆಮ್ಮು ಬಂತು. ಮಧ್ಯಾಹ್ನ ಗಂಜಿ, ಕೆಮ್ಮು ಇಲ್ಲ. ಸಂಜೆ ಗಂಜಿ, ಚಮಚ ತಳ್ಳಿದರು. ನಾನು ಒಲೆಯ ಪಕ್ಕ ನಿಂತೇ ಬ್ರೆಡ್ ತಿಂದೆ.

ಮಾರ್ಚ್ 7, ಶುಕ್ರವಾರ

ಸಂಜೆಯಾಗುತ್ತಲೇ ವಠಾರದಲ್ಲಿ ಒನಕೆಗಳು ಏಳುತ್ತವೆ. ಯಾರ ಒರಳು, ಯಾರ ಕೈ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಯಾವ ಮನೆಯಲ್ಲಿ ಸದ್ದಿಲ್ಲವೋ ಆ ಮನೆಯ ಗಂಡಸು ಉಪವಾಸ ಎಂದೇ ಲೆಕ್ಕ. ಅವರು ಆಸ್ಪತ್ರೆಯಲ್ಲಿದ್ದಷ್ಟು ದಿನ ನಮ್ಮ ಒರಳು ಬೋರಲು ಬಿದ್ದದ್ದಕ್ಕೆ ಯಾರೂ ಏನೂ ಅನ್ನಲಿಲ್ಲ. ಈಗ ಗಂಡ ಮನೆಯಲ್ಲಿದ್ದಾರೆ.

"ದುಫಿಯೆ, ನಿನ್ನ ಒರಳಿಗೇನು ಶೀತ ಆಗಿದ್ಯಾ? ಗಂಟಲೇ ಬಿಡ್ತಾ ಇಲ್ಲ" ಎಂದಳು ಎದುರು ಮನೆಯ ತಿವಾ, ಒನಕೆ ನಿಲ್ಲಿಸದೆ.

"ಡಾಕ್ಟ್ರು ಫುಫು ಬೇಡ ಅಂದಿದಾರೆ."

"ಯಾವ ಊರೋರಂತೆ ಡಾಕ್ಟ್ರು?"

"ಇಲ್ಲಿಯೋರೇ. ಕುಮಾಸಿಯೋರೇ."

"ಹಾಗಾದ್ರೆ ಅವರಮ್ಮಂಗೆ ಹೇಳ್ಬೇಕು."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಕತ್ತಲಾಗುವ ಮೊದಲು ಅಂಪೊಫೊ ಅವರ ಅಕ್ಕ ಪೊಕುವಾ ಬಂದರು. ಒಳಗೆ ಕಾಲಿಟ್ಟವರೇ ಬಟ್ಟಲಿಗೆ ಬೆರಳು ಅದ್ದಿ ನೆಕ್ಕಿ ನೋಡಿದರು.

"ಇದೇನೇ ಇದು? ಹಸುಗೂಸಿಗೆ ಉಣಿಸೋದು."

"ಅಕ್ಕ, ನುಂಗೋಕೆ ಆಗಲ್ಲ ಅವರಿಗೆ. ಆಸ್ಪತ್ರೇಲಿ ನೀವೂ ಇದ್ರಲ್ಲ."

"ಆಸ್ಪತ್ರೇಲಿ ಎಲ್ಲಾ ಹಾಗೇ ಹೇಳ್ತಾರೆ. ಇವನು ನಮ್ಮ ಕುಲದ ಹಿರಿಯ ಕಣೇ. ಗಂಜಿ ಕುಡಿದು ಮಲಗಿದಾನೆ ಅಂತ ಚಿಕ್ಕಮ್ಮನ ಮಗ ಆ ಡಾರ್ಕೊಗೆ ಗೊತ್ತಾದ್ರೆ ನಾಳೆ ಬೆಳಿಗ್ಗೇನೇ ಬಂದು ಹಿರಿಯನ ಕುರ್ಚಿ ಮೇಲೆ ಕೂತ್ಕೋತಾನೆ."

ನಾನು ಚಮಚ ತೊಳೆದಿಟ್ಟೆ. ಅವರು ಹೊರಡುವಾಗ ಮೆಲ್ಲಗೆ, ಕೋಪವಿಲ್ಲದೆ ಹೇಳಿದರು: "ನೀನು ಹೆಂಡ್ತಿ ಅಷ್ಟೆ, ದುಫಿಯೆ. ನಾನೂ ಅವನೂ ಒಂದೇ ಹೊಟ್ಟೆಯಿಂದ ಬಂದೋರು."

ಮಾರ್ಚ್ 8, ಶನಿವಾರ

ಇವತ್ತು ಕುಟ್ಟಿದೆ. ಅವರಿಗಲ್ಲ. ಮರಗೆಣಸು, ಬಾಳೆಕಾಯಿ ಬೇಯಿಸಿ ಅಂಗಳದ ನಡುವೆ ಒರಳಿಟ್ಟು, ಒಂದು ಕೈಯಲ್ಲಿ ಒನಕೆ ಎತ್ತುತ್ತ ಇನ್ನೊಂದರಲ್ಲಿ ಮುದ್ದೆ ತಿರುವುತ್ತ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕುಟ್ಟಿದೆ. ತಿವಾ ತನ್ನ ಬಾಗಿಲಿಂದ ಕೈ ಎತ್ತಿ ನಮಸ್ಕಾರ ಮಾಡಿದಳು.

ಒಳಗೆ ಅವರಿಗೆ ಗಂಜಿ ಕೊಟ್ಟೆ. ಫುಫುವನ್ನು ನಾನು ಅಡಿಗೆಮನೆಯಲ್ಲಿ ತಿಂದೆ. ನಾಲ್ಕು ಮುದ್ದೆ, ನಾಲ್ಕು ಗುಟುಕು. ಯಾವ ಸಾರು ಹಾಕಿಕೊಂಡಿದ್ದೆ ಎಂದು ಬರೆಯಲು ಹೊರಟರೆ ನೆನಪಾಗುತ್ತಿಲ್ಲ.

ಮಾರ್ಚ್ 11, ಮಂಗಳವಾರ

ದಿನಾ ಕುಟ್ಟುತ್ತಿದ್ದೆ. ಇವತ್ತು ನಡುವೆ ನೀರು ತರಲು ಒಳಗೆ ಹೋದೆ. ಹೊರಗೆ ತಿವಾಳ ಒನಕೆ ಬೀಳುತ್ತಿತ್ತು. ಅಂಪೊಫೊ ಬಾಗಿಲಿನ ಕಡೆ ಮುಖ ಮಾಡಿ ಕೂತಿದ್ದರು. ಒಂದೊಂದು ಪೆಟ್ಟಿಗೂ ಅವರ ಗಂಟಲ ಗಂಟು ಮೇಲೆದ್ದು ಕೆಳಗಿಳಿಯುತ್ತಿತ್ತು. ಬಾಯಲ್ಲಿ ಏನೂ ಇರಲಿಲ್ಲ.

ಇಷ್ಟು ದಿನ ನಾನು ಕುಟ್ಟುವಾಗಲೂ ಹೀಗೇ ಕೂತಿದ್ದಿರಬೇಕು.

ಒರಳಲ್ಲಿದ್ದದ್ದನ್ನು ಹಾಗೇ ತೆಗೆದು ತಿವಾಗೆ ಕೊಟ್ಟುಬಂದೆ. ಏನು, ಯಾಕೆ ಎಂದಳು. ಹಸಿವಿಲ್ಲ ಎಂದೆ. ಇನ್ನು ಕುಟ್ಟುವುದಿಲ್ಲ. ಏನು ಬೇಕಾದರೂ ಅಂದುಕೊಳ್ಳಲಿ.

ಮಾರ್ಚ್ 15, ಶನಿವಾರ

ಬರೀ ಗಂಜಿಯಿಂದ ಅವರು ಸೊರಗುತ್ತಿದ್ದಾರೆ. ಪ್ಯಾಂಟು ಎರಡು ಕಡೆ ಹಿಡಿದು ಹೊಲಿದೆ. ಬೇರೆ ಏನಾದರೂ ಬೇಕು. ಮೆತ್ತಗಿರಬೇಕು, ಅಂಟಬಾರದು, ರುಚಿ ಇರಬೇಕು. ಪೊಟ್ಟಣದ ಗೆಣಸಿನ ಪುಡಿ ಕಲಸಿ ನೋಡಿದೆ, ಗೋಂದು. ಫೋನಿನಲ್ಲಿ ಹೇಳಿ ಗೆಣಸು ತರಿಸಿದರೆ ನಾರು, ಅರೆದರೂ ನಾರು ಹೋಗದು, ಒಂದೆಳೆ ಸಾಕು ಅವರಿಗೆ ಕೆಮ್ಮು ಹಿಡಿಯಲು. ನಾನೇ ಮಾರುಕಟ್ಟೆಗೆ ಹೋದೆ.

ಹೆಗ್ಗೆಣಸಿನ ಸಾಲಿನಲ್ಲಿ ಕೂತು ಒಂದೊಂದನ್ನೂ ತಟ್ಟಿ, ತುದಿಯಲ್ಲಿ ಉಗುರೂರಿ, ಹಾಲು ಬರುತ್ತದೆಯೋ ನೀರು ಬರುತ್ತದೆಯೋ ನೋಡಿದೆ. ಮಾರುವವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಅಮ್ಮಾ, ಗೆಣಸು ನೋಡ್ತಾ ಇದೀಯೋ, ಮಗಳಿಗೆ ಗಂಡು ನೋಡ್ತಾ ಇದೀಯೋ?"

"ಗಂಡಾದ್ರೆ ಇಷ್ಟು ನೋಡ್ತಿರಲಿಲ್ಲ."

"ಅದೇ ಮತ್ತೆ. ನನ್ನಮ್ಮಾನೂ ನೋಡ್ಲಿಲ್ಲ." ರಾಶಿಯ ಅಡಿಯಿಂದ ಒಂದನ್ನು ಎಳೆದು ಕೊಟ್ಟಳು. "ತಗೋ. ಇದು ಹಳೇ ಬೆಳೆ. ಬೆಂದ್ರೆ ಹಿಟ್ಟಾಗುತ್ತೆ, ಎಳೆ ಇರಲ್ಲ."

ಕೆಸುವಿನ ಎಳೆಸೊಪ್ಪು, ಬಿಳಿ ಬದನೆ, ಸಿಪ್ಪೆ ಸುಲಿದ ನೆಲಗಡಲೆ. ಹೊಗೆಮೀನಿನವಳ ಹತ್ತಿರ ಮುಳ್ಳಿಲ್ಲದ ಬೆನ್ನಿನ ತುಂಡು ಕೇಳಿ, ಅವಳು ಬೈದು, ನಾನು ನಿಂತು, ಕೊನೆಗೆ ಕೊಟ್ಟಳು. ಮನೆಗೆ ಬಂದು ಗೆಣಸು ಬೇಯಿಸಿ ಅರೆದು, ಸೊಪ್ಪಿನ ಸಾರನ್ನು ಎರಡು ಸಲ ಸೋಸಿ ಮಂದ ಮಾಡಿದೆ. ಮೊದಲ ಅರ್ಧ ಚಮಚವನ್ನು ಅವರು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡರು. ಹೆದರಿದೆ. ಆಮೇಲೆ ಅಗಿದರು. ಕೆಮ್ಮಲಿಲ್ಲ.

ಕಪ್ಪು ಬಟ್ಟೆಯವರು ಮೂರು ಸಲ ಫೋನ್ ಮಾಡಿದ್ದರು. ಕೇಳಿಸಲೇ ಇಲ್ಲ.

ಮಾರ್ಚ್ 16, ಭಾನುವಾರ

ಡಾರ್ಕೊ ಬಂದಿದ್ದ. ಅಂಪೊಫೊ ಅವರ ಚಿಕ್ಕಮ್ಮನ ಮಗ; ನಮ್ಮಲ್ಲಿ ಕುಲ ತಾಯಿಯ ಕಡೆಯಿಂದ ಬರುವುದರಿಂದ ಅವನೂ ಇವರೂ ಒಂದೇ ಕುಲ, ನಾನು ಬೇರೆ. ಕುಲದ ಹಿರಿತನ ತನಗೆ ಬರಬೇಕಿತ್ತು ಎಂದು ಆರು ವರ್ಷದಿಂದ ಊರೆಲ್ಲ ಹೇಳಿಕೊಂಡು ತಿರುಗಿದವನು. ಒಂದು ಬಾಟಲಿ ಜಿನ್ ತಂದು ಮೇಜಿನ ಮೇಲಿಟ್ಟು, ಅಣ್ಣನ ಎಡಗೈ ಕುಲುಕಲು ಹೋಗಿ, ನಾಲಗೆ ಕಚ್ಚಿ, ಸೋತ ಬಲಗೈಯನ್ನು ಎತ್ತಿ ಹಿಡಿದುಕೊಂಡ.

"ಅಣ್ಣ ಚೆನ್ನಾಗಿ ಕಾಣ್ತಾನೆ ಅತ್ತಿಗೆ. ಏನ್ ತಿನ್ನಿಸ್ತಾ ಇದೀರಿ?"

"ಊಟ."

"ಅದೇ, ಊಟ. ಒಳ್ಳೇದು." ಮನೆಯನ್ನೆಲ್ಲ ಕಣ್ಣಾಡಿಸಿದ. "ನೋಡಿ, ಏಪ್ರಿಲ್ ಆರನೇ ತಾರೀಖು ಭಾನುವಾರ ಹಿರಿಯರೆಲ್ಲ ಸೇರ್ಬೇಕು. ಅಣ್ಣ ಅಲ್ಲೀ ತನಕ ಬರೋದು ಬೇಡ, ನಾವೇ ಇಲ್ಲಿಗೆ ಬರ್ತೀವಿ. ಅಣ್ಣನ ಮನೇಲಿ, ಅಣ್ಣನ ಜೊತೆ ಫುಫು ಉಂಡು ಎಷ್ಟು ದಿನ ಆಯ್ತು."

ಅಂಪೊಫೊ ಏನೋ ಹೇಳಲು ಹೊರಟರು. ಮಾತು ಬಾಯಿಯ ಬಲಮೂಲೆಯಿಂದ ಜಾರಿತು. ಡಾರ್ಕೊ ಕಾಯಲಿಲ್ಲ.

ಬಾಗಿಲ ಹೊರಗೆ ನನಗೆ ಮಾತ್ರ ಕೇಳುವ ಹಾಗೆ ಅಂದ: "ತಪ್ಪು ತಿಳೀಬೇಡಿ ಅತ್ತಿಗೆ. ಹಿರಿಯ ಅಂದ್ರೆ ನಮ್ಮೆಲ್ಲರ ಜಗಳ ನುಂಗ್ಕೊಳ್ಳೋನು. ಒಂದು ಮುದ್ದೆ ಫುಫು ನುಂಗಕ್ಕಾಗದೆ ಇದ್ರೆ ಅದನ್ನ ಹೇಗೆ ನುಂಗ್ತಾನೆ?"

ಒಳಗೆ ಬಂದಾಗ ಅಂಪೊಫೊ ಎಡಗೈಯಿಂದ ಜಿನ್ ಬಾಟಲಿಯನ್ನು ಮೇಜಿನ ತುದಿಗೆ ತಳ್ಳುತ್ತಿದ್ದರು. ಬೀಳುವ ಮೊದಲು ಹಿಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಮಾರ್ಚ್ 20, ಗುರುವಾರ

ಬೆನೆವಾ ಮನೆಗೆ ಬಂದು ನೋಡಿದಳು. ಎದೆ ಸ್ವಚ್ಛವಾಗಿದೆ, ಬಾಯಿಯ ಬಲಗಡೆ ಈಗ ತುತ್ತು ಉಳಿಯುತ್ತಿಲ್ಲ ಎಂದಳು. ಏಪ್ರಿಲ್ ಆರರ ಮಾತೆತ್ತಿದೆ. ಅಷ್ಟರಲ್ಲಿ ಫುಫು ಆಗುತ್ತದೆಯೇ?

"ಇಲ್ಲಮ್ಮಾ. ಮುಂದಿನ ವರ್ಷ ಕೇಳಿ."

ಅವಳು ಹೋದ ಮೇಲೆ ಊಟ. ಮದುವೆಯಾದ ಲಾಗಾಯ್ತು ನಾವಿಬ್ಬರೂ ಎದುರುಬದುರು ಕೂತು ಉಂಡದ್ದಿಲ್ಲ. ಅವರಿಗೆ ಹೊರಗೆ ಬಡಿಸಿ, ಕೈ ತೊಳೆಯಲು ನೀರಿಟ್ಟು ನಾನು ಒಳಗೆ ಬರುತ್ತಿದ್ದೆ. ಈಗ ಅವರ ಗಂಟಲು ನೋಡುತ್ತ ಕೂರಲೇಬೇಕು. ಬರಿದೇ ನೋಡುತ್ತ ಕೂತರೆ ಅವರಿಗೆ ಹಿಂಸೆ ಎಂದು ನನ್ನ ಬಟ್ಟಲನ್ನೂ ಅಲ್ಲೇ ಇಟ್ಟುಕೊಂಡೆ. ಅವರು ಅಗಿಯುವಾಗ ನಾನು ನುಂಗಿಬಿಟ್ಟರೆ ಅವರಿಗೆ ಆತುರವಾಗುತ್ತದೆ, ಅದಕ್ಕೆ ನಾನೂ ಅಗಿಯುತ್ತೇನೆ. ಅಷ್ಟೆ.

"ಕಡ್ಲೆ" ಎಂದರು ಇವತ್ತು.

"ಏನಾಗಿದೆ ಕಡ್ಲೆಗೆ?"

"ಸೀ...ದಿದೆ."

ಹೌದು. ಹುರಿಯುವಾಗ ತಿವಾ ಜೊತೆ ಮಾತಿಗೆ ನಿಂತಿದ್ದೆ. ಬರೀ ಒಂದು ಕಡೆ ಕಂದು ಹೆಚ್ಚಾಗಿತ್ತು. ಬಾಯಲ್ಲಿ ಹುಡುಕಿದೆ: ಸಿಹಿಯ ಹಿಂದೆ, ನಾಲಗೆಯ ಬುಡದಲ್ಲಿ, ಒಂದಿಷ್ಟೇ ಕಹಿ. ಇಪ್ಪತ್ತೊಂಬತ್ತು ವರ್ಷ ನಾನು ಮಾಡಿದ ಸಾರನ್ನು ಕುಡಿದವರು ಒಂದು ದಿನವೂ ಸೀದಿದೆ ಎಂದಿರಲಿಲ್ಲ. ಒಳ್ಳೆಯ ಸ್ವಭಾವ ಅಂದುಕೊಂಡಿದ್ದೆ. ನಾಲಗೆಗೆ ಮುಟ್ಟುತ್ತಲೇ ಇರಲಿಲ್ಲವೋ ಏನೋ.

ಮಾರ್ಚ್ 23, ಭಾನುವಾರ

ಬದುಕಿದ್ದಾರೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಉಳಿದದ್ದು ನಾಳೆ.

ಮಾರ್ಚ್ 24, ಸೋಮವಾರ

ನಿನ್ನೆ ನಾನು ಚರ್ಚಿಗೆ ಹೋಗಿದ್ದೆ. ಪೊಕುವಾ ಅಕ್ಕ ತಾನು ಕೂತಿರುತ್ತೇನೆ ಎಂದರು. ಅವರ ಕೈಯಲ್ಲಿ ಮುಚ್ಚಿದ ಪಾತ್ರೆ ಇತ್ತು. ಅದನ್ನು ಕಂಡೆ. ಏನೆಂದು ಕೇಳಲಿಲ್ಲ.

ತಿರುಗಿ ಬರುವಾಗ ಅಂಗಳದಲ್ಲಿಯೇ ಅಕ್ಕನ ಕೂಗು ಕೇಳಿತು. ಒಳಗೆ ಅಂಪೊಫೊ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದರು. ಸದ್ದಿಲ್ಲ. ಕೆಮ್ಮಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ತುಟಿ ಬಣ್ಣ ಕೆಟ್ಟಿತ್ತು, ಎಡಗೈ ಕುರ್ಚಿಯ ತೋಳನ್ನು ಹೊಡೆಯುತ್ತಿತ್ತು. ಅಕ್ಕ ಸಾರಿನ ಬಟ್ಟಲು ಹಿಡಿದು, ಕುಡಿ, ಕುಡಿ ಎನ್ನುತ್ತಿದ್ದರು. ಬಟ್ಟಲನ್ನು ತಟ್ಟಿ ಬೀಳಿಸಿದೆ. ಅವರನ್ನು ಸೊಂಟದಿಂದ ಮುಂದಕ್ಕೆ ಬಗ್ಗಿಸಿ, ಬೆನೆವಾ ತೋರಿಸಿಕೊಟ್ಟ ಹಾಗೆ ರೆಕ್ಕೆಮೂಳೆಗಳ ನಡುವೆ ಅಂಗೈಯಿಂದ ಹೊಡೆದೆ. ತಿವಾ ಓಡಿಬಂದು ಭುಜ ಹಿಡಿದಳು. ಮತ್ತೆ ಹೊಡೆದೆ. ಮತ್ತೆ. ಬಂದದ್ದನ್ನು ಬೆರಳು ಹಾಕಿ ಎಳೆದೆ. ಅದು ಎಳೆದಷ್ಟೂ ಉದ್ದವಾಯಿತು. ಆಮೇಲೆ ಉಸಿರು, ಹರಿದ ಬಟ್ಟೆಯ ಹಾಗೆ.

ಎದೆಯಲ್ಲಿ ಮತ್ತೆ ಕಫ. ಜ್ವರ. ಸೂಜಿಮದ್ದು ಕೊಡುತ್ತಿದ್ದಾರೆ.

ಅಕ್ಕ ಬೆಂಚಿನ ಆ ತುದಿಯಲ್ಲಿ ಕೂತಿದ್ದರು.

"ಅವನೇ ಕೇಳಿದ" ಎಂದರು. "ಆರನೇ ತಾರೀಖಿಗೆ ಅಭ್ಯಾಸ ಆಗ್ಲಿ ಅಂದ. ಮೊದಲ್ನೇ ಮುದ್ದೆ ಇಳೀತು ಕಣೇ. ಚೆನ್ನಾಗಿ ಇಳೀತು."

ಬಯ್ಯಬೇಕು ಎಂದು ಎದ್ದಿದ್ದೆ. ಅವರ ರವಿಕೆಯ ಮೇಲೆಲ್ಲ ತಾಳೆಹಣ್ಣಿನ ಸಾರು ಒಣಗಿ ಕೆಂಪಾಗಿತ್ತು. ನಿನ್ನೆಯಿಂದ ಬಟ್ಟೆ ಬದಲಾಯಿಸಿರಲಿಲ್ಲ. ಒಳ್ಳೆ ತಾಳೆಹಣ್ಣು, ಏಡಿ ಹಾಕಿದ ಸಾರು, ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಬೆಳಗಿನ ಜಾವವೇ ಎದ್ದು ಮಾಡಿರಬೇಕು. ನಾನು ಮತ್ತೆ ಕೂತೆ.

ಮಾರ್ಚ್ 29, ಶನಿವಾರ

ಮನೆಗೆ ಬಂದು ಮೂರು ದಿನ. ಜ್ವರವಿಲ್ಲ. ಅರ್ಧ ಚಮಚ ಹೋಗಿ ಕಾಲು ಚಮಚವಾಗಿದೆ.

ಅಕ್ಕ ದಿನಾ ಬರುತ್ತಾರೆ. ಮೆಟ್ಟಿಲ ಮೇಲೆ ಕೂತು ಗೆಣಸು ಸುಲಿಯುತ್ತಾರೆ. ಮೊದಲ ದಿನ ಸಿಪ್ಪೆಯ ಜೊತೆ ಕಾಲು ಗೆಣಸೇ ಹೋಯಿತು. ಇವತ್ತು ಎಳೆಯಿರುವ ಕಡೆ ಆಳವಾಗಿ, ಇಲ್ಲದ ಕಡೆ ತೆಳುವಾಗಿ ಸುಲಿದರು. ಬೆಂದ ತುಂಡನ್ನು ಬೆರಳಲ್ಲಿ ಉಜ್ಜಿ ನೋಡಿ, "ಇನ್ನೊಂಚೂರು ಬೇಯ್ಲಿ" ಎಂದರು. ಸರಿಯಾಗಿಯೇ ಹೇಳಿದರು.

ತಿವಾ ಸಕ್ಕರೆ ಕೇಳಲು ಬಂದವಳು ನಾವು ಮೂವರೂ ಉಣ್ಣುವುದನ್ನು ನೋಡಿ ಬಾಗಿಲಲ್ಲೇ ನಿಂತಳು.

"ಏನ್ರೇ, ಆಡಿನ ಹಿಂಡು ಮಲಗಿಕೊಂಡು ಮೆಲುಕು ಹಾಕೋ ಹಾಗೆ. ದುಫಿಯೆ, ನಿನಗೂ ಲಕ್ವ ಹೊಡೀತಾ?"

ಅಂಪೊಫೊ ನಕ್ಕರು. ನಗು ಗಂಟಲಿಗೆ ಅಪಾಯ, ಬಾಯಲ್ಲಿ ಗೆಣಸಿತ್ತು. ನಾನು ಗಲ್ಲ ಹಿಡಿದು ಕೆಳಗೆ ಬಾಗಿಸಿದೆ. ಇಳಿಯಿತು. ತಿವಾಗೆ ಸಕ್ಕರೆ ಕೊಟ್ಟು ಕಳಿಸಿದೆ. ನಾನು ಅಷ್ಟೇನೂ ನಿಧಾನವಾಗಿ ತಿನ್ನುತ್ತಿರಲಿಲ್ಲ.

ಏಪ್ರಿಲ್ 2, ಬುಧವಾರ

"ಭಾನು...ವಾರ" ಎಂದರು.

"ಬರಬೇಡಿ ಅಂತ ಹೇಳಿ ಕಳಿಸ್ತೀನಿ."

"ಬೇಡ."

"ಮತ್ತೆ?"

"ಕುಟ್ಟು. ಒಂದೇ... ಮುದ್ದೆ."

ಬಟ್ಟಲು ಕೆಳಗಿಟ್ಟೆ. ಎದ್ದೆ, ಬಾಗಿಲ ತನಕ ಹೋಗಿ ತಿರುಗಿ ಬಂದೆ. "ಹೋದ ಭಾನುವಾರ ಅಲ್ಲ ಅದರ ಹಿಂದಿನ ಭಾನುವಾರ ನಿಮ್ಮ ಗಂಟಲೊಳಗೆ ಬೆರಳು ಹಾಕಿದೀನಿ ನಾನು. ಆ ಬೆರಳಲ್ಲಿ ಕುಟ್ಟಲಾ?"

ಅವರು ಬಹಳ ಹೊತ್ತು ತೆಗೆದುಕೊಂಡರು. ನಾನು ಕಾದೆ. ಕಾಯುವುದು ಈಗ ಬರುತ್ತದೆ.

"ಸತ್ರೆ... ಹಿರಿಯನಾಗಿ... ಸಾಯ್ತೀನಿ."

"ಸಾಯೋದು ನೀವು. ನೋಡೋದು ನಾನು."

ಸೊಪ್ಪಿನ ಸಾರು ಆರಿಹೋಯಿತು. ಇಬ್ಬರೂ ಉಣ್ಣಲಿಲ್ಲ.

ಏಪ್ರಿಲ್ 4, ಶುಕ್ರವಾರ

ಅಕ್ಕನ ಉಪಾಯ: ಫುಫು ಬಡಿಸುವುದು, ಅಂಪೊಫೊ ಮುದ್ದೆ ಮುರಿದು ಬಾಯಿಯ ಹತ್ತಿರ ಒಯ್ಯುವುದು, ಹೊದ್ದ ಬಟ್ಟೆಯ ಮಡಿಕೆಯೊಳಗೆ ಜಾರಿಸುವುದು. ಮಡಿಕೆಯ ಒಳಗೆ ನಾನು ಒಂದು ಜೇಬು ಹೊಲಿಯಬೇಕು. "ನಿನಗೇನು ಕಷ್ಟ, ದರ್ಜಿ ನೀನು."

ಒದ್ದೆ ಗೆಣಸಿನ ಮುದ್ದೆ ಇಟ್ಟು ಮಾಡಿ ನೋಡಿದೆವು. ಬಲಗೈ ಬಟ್ಟಲಿನ ಅಂಚಿನ ತನಕ ಏಳುತ್ತದೆ, ಮುರಿಯಲಾಗುವುದಿಲ್ಲ. ಎಡಗೈಯಲ್ಲಾದರೆ ಚೆನ್ನಾಗಿಯೇ ಆಗುತ್ತದೆ. ಆದರೆ ಹಿರಿಯರ ಎದುರು ಎಡಗೈ ಬಟ್ಟಲಿಗೆ ಹಾಕಿದರೆ ಅಲ್ಲಿಗೆ ಎಲ್ಲ ಮುಗಿಯಿತು. ಡಾರ್ಕೊ ಬಾಯೇ ತೆರೆಯಬೇಕಾಗಿಲ್ಲ.

ಮೂರನೆಯ ಸಲ ಮುದ್ದೆ ನೆಲಕ್ಕೆ ಬಿತ್ತು. ಅಂಪೊಫೊ ಅಕ್ಕನ ಮುಖ ನೋಡಿದರು. "ಕಳ್ಳ" ಎಂದರು. ತನ್ನನ್ನೇ ಅಂದದ್ದು. ಇಷ್ಟು ದಿನಗಳಲ್ಲಿ ಅವರ ಬಾಯಿಂದ ಅಷ್ಟು ಸ್ಪಷ್ಟವಾಗಿ ಬಂದ ಮಾತು ಅದೊಂದೇ.

ಅಕ್ಕ ನೆಲ ಒರೆಸಿ, ಬಟ್ಟೆ ಹಿಂಡಿ, ಹೇಳದೆ ಹೋದರು.

ಏಪ್ರಿಲ್ 5, ಶನಿವಾರ

ಅಕ್ಕ ಬೆಳಿಗ್ಗೆಯೇ ಬಂದರು. ಬುಟ್ಟಿಯಲ್ಲಿ ಮೊಟ್ಟೆ.

"ಇದನ್ನ ಅವನಿಗೆ ಎಟೊ ಮಾಡಿ ಕೊಡು" ಎಂದರು, ನನ್ನನ್ನು ನೋಡದೆ. "ಅವನು ಮೊದಲ್ನೇ ಸಲ ಆಸ್ಪತ್ರೆಯಿಂದ ಬಂದಾಗಲೇ ಮಾಡ್ಬೇಕಿತ್ತು. ಸಾಯೋದು ತಪ್ಪಿ ಬಂದೋನಿಗೆ ಎಟೊ ಕೊಟ್ಟು ಜೀವಾನ ಒಳಗೆ ಕರ್ಕೋಬೇಕು. ನಮ್ಮಮ್ಮ ಇದ್ದಿದ್ರೆ ನನ್ನ ಕಿವಿ ಹಿಂಡಿರೋಳು. ನಾನು ಡಾರ್ಕೊ ಹಿಂದೆ ಬಿದ್ದು ಮರ್ತೆ. ಇವತ್ತಾದ್ರೂ ಕೊಟ್ಬಿಡು. ನಾಳೆ ಆಗೋದು ಆಗ್ಲಿ."

ಮೊಟ್ಟೆ ತೆಗೆದುಕೊಂಡು ನಿಂತೆ. ಎಟೊ ಅಂದರೆ ಬೇಯಿಸಿದ ಹೆಗ್ಗೆಣಸು, ಮಣ್ಣಿನ ಬಟ್ಟಲಲ್ಲಿ ಅರೆದದ್ದು, ತಾಳೆಎಣ್ಣೆ, ಉಪ್ಪು, ಮೇಲೆ ಮೊಟ್ಟೆ. ಎಣ್ಣೆ, ಮೊಟ್ಟೆ ಬಿಟ್ಟರೆ ನಾನು ಮೂರು ವಾರದಿಂದ ದಿನಾ ಅರೆಯುತ್ತಿರುವುದು ಅದನ್ನೇ. ಹುಟ್ಟಿದ ದಿನಕ್ಕೂ ಹರಕೆಗೂ ಮಾಡುವ ಅಡಿಗೆ ಎಂದು ಒಂದು ಕಡೆ ಎತ್ತಿಟ್ಟಿದ್ದೆ, ಊಟ ಎಂದು ಹೊಳೆದೇ ಇರಲಿಲ್ಲ.

"ಅಕ್ಕ, ಹಿರಿಯರಿಗೆ ಎಡೆ ಇಡೋದು ಯಾವುದನ್ನ?"

"ಎಟೊನ."

"ಸತ್ತ ಹಿರಿಯರು ತಿನ್ನೋದನ್ನ ಬದುಕಿರೋ ಹಿರಿಯರು ಬೇಡ ಅಂತಾರಾ?"

ಅಕ್ಕ ಬುಟ್ಟಿ ಕೆಳಗಿಟ್ಟರು. "ಎಲ್ಲರಿಗೂ ಅದನ್ನೇನಾ? ಅಷ್ಟು ಜನ ಗಂಡಸರು ಬರ್ತಾರೆ, ಒನಕೆ ಏಳಲ್ವಾ? ಅವಮಾನ ಅಂತ ಎದ್ದು ಹೋಗ್ತಾರೆ ಕಣೇ."

"ಹೋಗಬಹುದು."

"ಕೈ ಏನ್ಮಾಡ್ತೀಯ? ಅವನು ಯಾವ ಕೈಯಲ್ಲಿ ತಿಂತಾನೆ?"

"ನನ್ನ ಕೈಯಲ್ಲಿ. ಬಲಗೈಯಲ್ಲಿ. ಅವರ ಪಕ್ಕ ಕೂತ್ಕೋತೀನಿ."

"ಹಿರಿಯರ ಸಾಲಲ್ಲಿ? ಬೇರೆ ಕುಲದೋಳು?"

"ನೀವು ಆ ಕಡೆ ಕೂತ್ಕೊಳ್ಳಿ. ನೀವು ಒಂದೇ ಹೊಟ್ಟೆಯೋರಲ್ವಾ."

ಅಕ್ಕ ಮೊಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡತೊಡಗಿದರು. "ಇಡೀ ಮೊಟ್ಟೆ ಇಡ್ಬೇಕು. ಕುಯ್ಯಬಾರ್ದು."

"ಬಟ್ಟಲ ಮೇಲೆ ಇಡೀದು ಇಡೋಣ. ಅವರದನ್ನ ಆಮೇಲೆ ನಾನು ಬೆರಳಲ್ಲಿ ಪುಡಿ ಮಾಡ್ತೀನಿ."

ಕೇಳಬೇಕಾದವರನ್ನು ಇನ್ನೂ ಕೇಳಿರಲಿಲ್ಲ. ಒಳಗೆ ಹೋಗಿ ಅಂಪೊಫೊ ಎದುರು ಕೂತು ಎಲ್ಲವನ್ನೂ ಹೇಳಿದೆ. ನಾಳೆ ಫುಫು ಇಲ್ಲ, ಜೇಬಿಲ್ಲ, ಸುಳ್ಳಿಲ್ಲ. ಮೊದಲು ನೀವೇ ಹೇಳಬೇಕು, ನನಗೆ ಲಕ್ವ ಹೊಡೆದಿದೆ, ನುಂಗುವುದು ತಡ, ಅಂತ. ಎಷ್ಟು ಹೊತ್ತು ಹಿಡಿದರೂ ಸರಿ, ನಾನೂ ಅಕ್ಕನೂ ನಡುವೆ ಬಾಯಿ ಹಾಕುವುದಿಲ್ಲ. ಬೇರೆಯವರು ಹಾಕಿದರೆ ನೀವು ಮತ್ತೆ ಮೊದಲಿಂದ ಶುರುಮಾಡಿ. ಆಮೇಲೆ ಎಟೊ, ಎಲ್ಲರ ಮುಂದೆ, ನನ್ನ ಕೈಯಿಂದ.

"ಕುರ್ಚಿ... ಹೋದ್ರೆ?"

"ಹೋಗುತ್ತೆ."

ಅವರು ಕಣ್ಣು ಮುಚ್ಚಿದರು. ಮಲಗಿಬಿಟ್ಟರು ಎಂದುಕೊಂಡೆ. ಅಂಗಳದಲ್ಲಿ ಯಾರೋ ಬಟ್ಟೆ ಒಗೆದು, ಹಿಂಡಿ, ಹರವಿ ಮುಗಿಸಿದರು.

"ಎಣ್ಣೆ" ಎಂದರು, ಕಣ್ಣು ತೆರೆಯದೆ. "ಹೊಸಾದು... ತಗೋ."

ಮಧ್ಯಾಹ್ನ ಹೋಗಿ ತಂದೆ. ಮೂರು ಅಂಗಡಿಗಳಲ್ಲಿ ಮೂಸಿ ನೋಡಿ, ನಾಲ್ಕನೆಯದರಲ್ಲಿ ಸಿಕ್ಕಿತು. ಹೆಗ್ಗೆಣಸು ಆರಿಸಿಟ್ಟಿದ್ದೇನೆ. ಅಕ್ಕ ಬೆಳಿಗ್ಗೆ ಸುಲಿಯಲು ಬರುತ್ತಾರೆ. ಏನು ಅಡಿಗೆ ಎಂದು ವಠಾರದಲ್ಲಿ ಯಾರಿಗೂ ಹೇಳಿಲ್ಲ.

ಡಾರ್ಕೊ ನಗಬಹುದು. ನಾಲ್ಕು ಜನ ಅವನ ಜೊತೆ ಎದ್ದೂ ಹೋಗಬಹುದು. ಆದರೆ ಸಾವು ತಪ್ಪಿಸಿಕೊಂಡು ಬಂದವನ ಎಟೊ ಬಿಟ್ಟು ಎದ್ದರು ಎಂದು ಹೇಳಿಸಿಕೊಳ್ಳಲು ಅವರಲ್ಲಿ ಎಷ್ಟು ಜನಕ್ಕೆ ಧೈರ್ಯವಿದೆ, ಗೊತ್ತಿಲ್ಲ. ನೋಡಬೇಕು.

ಒಂದು ವಿಷಯ ಅಕ್ಕನಿಗೂ ಹೇಳಿಲ್ಲ, ಈಗ ತೀರ್ಮಾನ ಮಾಡಿದೆ. ಬೇರೆ ಬೇರೆ ತಟ್ಟೆ ಇಡುವುದಿಲ್ಲ. ದೊಡ್ಡ ಮಣ್ಣಿನ ಬಟ್ಟಲು ಒಂದೇ, ನನ್ನ ಮಡಿಲಲ್ಲಿ. ಮೊದಲ ತುತ್ತು ಅಂಪೊಫೊಗೆ. ಅದು ಪೂರ್ತಿ ಇಳಿಯುವ ತನಕ ಬಟ್ಟಲನ್ನು ಮುಂದಕ್ಕೆ ಕೊಡುವುದಿಲ್ಲ.